ಸ್ಕ್ರೀನ್ ಲಾಕ್: ಬೀಗವೇ, ಅಗುಳಿಯೇ?

ನಮಸ್ಕಾರ.

ಲ್ಯಾಪ್‌ಟಾಪ್ ಬಿಟ್ಟು ಎದ್ದು ಹೋಗುವವರಿಗೆ ಓದುವ ಕೋಣೆಯಲ್ಲಿ ಒಂದು ಬೋರ್ಡ್ ಹಾಕಬೇಕು, ತಾನಾಗಿ ಆಗುವ ಸ್ಕ್ರೀನ್ ಲಾಕ್‌ಗೆ ಕನ್ನಡದಲ್ಲಿ ಏನನ್ನಬೇಕು ಅಂತ ಈ ಗುಂಪಿನಲ್ಲಿ ಕೇಳಿದ್ದೀರಿ. ಸಂಜೆ ಆರಕ್ಕೆ ಬೋರ್ಡ್ ಪ್ರಿಂಟಿಗೆ ಹೋಗಬೇಕು ಅಂದಿದ್ದೀರಿ. ಮೊದಲು ಸಾಲು ಕೊಟ್ಟುಬಿಡುತ್ತೇನೆ, ವಾದ ಆಮೇಲೆ.

"ಎದ್ದು ಹೋಗುವ ಮುಂಚೆ ಲ್ಯಾಪ್‌ಟಾಪ್ ಸ್ಕ್ರೀನಿಗೆ ಬೀಗ ಹಾಕಿ. ಮರೆತರೂ ತಾನಾಗಿ ಬೀಗ ಬೀಳುವಂತೆ ಸೆಟ್ ಮಾಡಿಡಿ."

ಜಯನಗರದ ಓದುವ ಕೋಣೆಯ ಗೋಡೆಗೆ ಇಷ್ಟು ಸಾಕು.

ಈಗ ಬೆಳಗ್ಗೆಯಿಂದ ಗುಂಪಿನವರು ಸೂಚಿಸಿರುವ ಪದಗಳ ವಿಚಾರ. "ಸ್ವಯಂಚಾಲಿತ ಪರದೆ ತಾಳ" ಬೇಡ. ತಾಳ ಅಂದರೆ ಬೆಂಗಳೂರಿನಲ್ಲಿ ಜನಕ್ಕೆ ನೆನಪಾಗುವುದು ಭಜನೆ. ಸ್ವಯಂಚಾಲಿತ ಅಂದರೆ ತಾನೇ ಚಲಿಸುವುದು. ಇಲ್ಲಿ ಚಲಿಸುವುದು ಏನಿದೆ? 'ತಾನಾಗಿ' ಅನ್ನುವ ಮೂರಕ್ಷರ ಎಲ್ಲರ ಬಾಯಲ್ಲೂ ಇದೆ, ಅದು ಸಾಲದಾ?

"ತನ್ನಗುಳಿ" (ತಾನಾಗಿ ಬೀಳುವ ಅಗುಳಿ) ಬಗ್ಗೆ ಮಾತ್ರ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ಹಲವರು ಅದಕ್ಕೆ ಸೈ ಅಂದಿದ್ದೀರಿ. ಅಗುಳಿಯ ಮೂಲ ಯಾವುದೇ ಇರಲಿ, ಅದು ಇಲ್ಲಿ ಅರ್ಥಕ್ಕೇ ಹೊಂದುವುದಿಲ್ಲ. ನಮ್ಮ ಅಜ್ಜಿ ಮನೆಯಲ್ಲಿ ಅಗುಳಿ ಇತ್ತು. ತೋಳಿನಷ್ಟು ದಪ್ಪದ ಮರದ ಪಟ್ಟಿ. ಹಗಲೆಲ್ಲ ಗೋಡೆಯ ತೂತಿನಲ್ಲಿ ಅಡಗಿರುತ್ತಿತ್ತು. ಕತ್ತಲಾದ ಮೇಲೆ ಅಜ್ಜಿ ಎರಡೂ ಕೈಯಲ್ಲಿ ಎಳೆದರೆ ಗರಗರ ಅಂತ ಹೊರಗೆ ಬಂದು ಬಾಗಿಲಿಗೆ ಅಡ್ಡ ಕೂರುತ್ತಿತ್ತು. ಎಳೆದ ಅಜ್ಜಿ ಒಳಗೇ ಇರುತ್ತಿದ್ದರು. ಅಗುಳಿ ಹಾಕುವವರು ಮನೆಯೊಳಗೆ ಉಳಿಯುತ್ತಾರೆ; ಬೀಗ ಹಾಕುವವರು ಮನೆ ಬಿಟ್ಟು ಹೋಗುತ್ತಾರೆ. ನಮ್ಮ ಓದುಗ ಕಾಫಿಗೆ ಎದ್ದು ಹೋಗುತ್ತಿದ್ದಾನೆ. ಅವನಿಗೆ ಬೇಕಾದ್ದು ಬೀಗ.

ಚಿಲಕವೂ ಆಗದು. ಹೊರಗಿನ ಚಿಲಕವನ್ನು ದಾರಿಹೋಕರೂ ತೆಗೆಯಬಹುದು. ಪಾಸ್‌ವರ್ಡ್ ಕೇಳದೆ ಸುಮ್ನೆ ಕಪ್ಪಾಗುವ ಸ್ಕ್ರೀನ್ ಇದೆಯಲ್ಲ, ಅದು ಚಿಲಕ. ನನಗೇ ಆದದ್ದು ಹೇಳುತ್ತೇನೆ. ಹಿಂದೆ ಕೆಲಸಕ್ಕಿದ್ದ ಕಡೆ ನನ್ನ ಲ್ಯಾಪ್‌ಟಾಪ್ ಹತ್ತು ನಿಮಿಷಕ್ಕೆ ಕಪ್ಪಾಗುತ್ತಿತ್ತು. ಅದನ್ನೇ ಲಾಕ್ ಅಂದುಕೊಂಡಿದ್ದೆ. ಒಂದು ದಿನ ಊಟ ಮುಗಿಸಿ ಬಂದರೆ, ನಾನು ಬರೆಯದ ಎರಡು ಸಾಲು ನನ್ನ ಹೆಸರಲ್ಲಿ ಇಡೀ ತಂಡಕ್ಕೆ ಮೇಲ್ ಆಗಿತ್ತು. ಯಾರೋ ಮೌಸ್ ಅಲ್ಲಾಡಿಸಿದ್ದರು, ಅಷ್ಟೇ. ಅದನ್ನು ನಾನು ಬರೆದಿಲ್ಲ ಅಂತ ನಂಬಿಸಲು ವಾರ ಹಿಡಿಯಿತು. ಹಾಗಾಗಿ "ಸ್ಕ್ರೀನ್ ಆರಿಸಿ", "ಸ್ಕ್ರೀನ್ ಮುಚ್ಚಿ" ಅಂತ ಬರೆಯಲೇಬೇಡಿ. ಲಾಕ್ ಆದಾಗ ಏನೂ ಮುಚ್ಚುವುದಿಲ್ಲ. ಡೌನ್‌ಲೋಡ್ ನಡೆಯುತ್ತಲೇ ಇರುತ್ತದೆ, ಅರ್ಧ ಬರೆದ ಕಡತ ಹಾಗೇ ಇರುತ್ತದೆ. ಒಳಗೆ ಫ್ಯಾನ್ ತಿರುಗುತ್ತಿರುವ ಮನೆಗೆ ಬೀಗ ಹಾಕಿದ ಹಾಗೆ.

ಬೀಗದ ಜೊತೆ ಯಾವ ಕ್ರಿಯಾಪದ ಅನ್ನುವುದೂ ಮುಖ್ಯ. ಒಬ್ಬರು "ಬೀಗ ಜಡಿಯಿರಿ" ಅಂದಿದ್ದಾರೆ. ತಪ್ಪು. ಬೀಗ ಜಡಿಯುವುದು ತೆರಿಗೆ ಕಟ್ಟದ ಅಂಗಡಿಗೆ, ಅಧಿಕಾರಿಗಳು ಬಂದು. ನಾವು ನಮ್ಮ ಮನೆಗೆ ಬೀಗ ಹಾಕುತ್ತೇವೆ. 'ಬೀಗ ಬೀಳು' ಅಂದರೆ ಕಾರ್ಖಾನೆ ನಿಂತುಹೋಯಿತು ಅನ್ನುವ ಅರ್ಥವೂ ಇದೆ, ಒಪ್ಪುತ್ತೇನೆ. ಆದರೆ ಮುಂದೆ 'ತಾನಾಗಿ' ಬಂದರೆ ಆ ಅರ್ಥ ಹತ್ತಿರ ಸುಳಿಯುವುದಿಲ್ಲ.

'ಪರದೆ ಪಾರಸಿ, ತೆರೆ ನಮ್ಮದು, ಸ್ಕ್ರೀನ್ ಯಾಕೆ?' ಅನ್ನುವವರಿಗೆ: ತೆರೆ ನನಗೂ ಇಷ್ಟ. ಬೆಳ್ಳಿತೆರೆ, ಕಿರುತೆರೆ, ತೆರೆಮರೆ, ಎಲ್ಲ ಚಂದ. ಆದರೆ "ತೆರೆ ಬೀಗ" ಅಂತ ದಪ್ಪಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ ನೋಡಿ. ಬೀಗ ತೆಗೆ ಅಂದ ಹಾಗೆ ಕಾಣುವುದಿಲ್ವಾ? ಹಾಕಿ ಅನ್ನಬೇಕಾದ ಕಡೆ ತೆಗೆ ಅನ್ನುವ ಬೋರ್ಡ್ ಯಾರಿಗೆ ಬೇಕು? ಸ್ಕ್ರೀನ್ ಅನ್ನುವುದು ಬೆಂಗಳೂರಿನಲ್ಲಿ ಮಗುವಿಗೂ ಗೊತ್ತು.

ಎರವಲು ಪದದ ಜಗಳ ಇಲ್ಲಿ ಪ್ರತಿ ತಿಂಗಳು ಬರುತ್ತದೆ. ಈ ಸಲ ನಿಮ್ಮ ಮನೆ ಬಾಗಿಲನ್ನೇ ನೋಡಿ. ಬೀಗ ನಮ್ಮದು. ಚಾವಿ ಪೋರ್ಚುಗೀಸರಿಂದ ಬಂದದ್ದು. ಬಾಗಿಲ ಮುಂದೆ ತೂಗುವ ಪರದೆ ಪಾರಸಿಯದು. ಮೂರೂ ಒಂದೇ ಬಾಗಿಲಿನಲ್ಲಿವೆ, ಯಾರಿಗೂ ತೊಂದರೆಯಾಗಿಲ್ಲ. ಹೊರಗಿನ ಪದ ಬರಬಾರದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ದಿನಾ ಬಳಸುವ ನಮ್ಮ ಪದ ಕೈಯಲ್ಲೇ ಇರುವಾಗ ಅದನ್ನು ಮರೆಯಬಾರದು, ಅಷ್ಟು ಹೇಳುತ್ತೇನೆ. ಬೀಗ ಹಳೆಯದಾಗಿಲ್ಲ. ಬೀಗದ ಕೈ ಎಲ್ಲಿ ಅಂತ ದಿನಾ ಬೆಳಗ್ಗೆ ಹುಡುಕುತ್ತೇವೆ. ಬಿಗಿ, ಬೀಗ ಎರಡೂ ಒಂದೇ ಬೇರಿನವು ಅನ್ನುವುದು ನನ್ನ ಎಣಿಕೆ. ಒಪ್ಪದವರು ಬೇರೆ ಚರ್ಚೆ ಶುರು ಮಾಡಿ. ಬೋರ್ಡಿಗೆ ಸಾಲು ಕೇಳಿದವರಿಗೆ ಇವತ್ತು ಅದು ಬೇಕಿಲ್ಲ.

ಧಾರವಾಡದ ಗೆಳೆಯರು ಕೀಲಿ ಹಾಕ್ರಿ ಅಂದಿದ್ದಾರೆ. ಅಲ್ಲಿ ಅದೇ ಸರಿ. ಇಲ್ಲಿ ಕೀಲಿಮಣೆ ಅಂತ ಓದಿ ಬೆಳೆದವರಿಗೆ ಕೀಲಿ ಅಂದರೆ ಒತ್ತುವ ಗುಂಡಿ. ಈ ಬೋರ್ಡಿಗೆ ಬೇಡ.

ಕೇಳಿದವರಿಗೆ ಇನ್ನೊಂದು ಮಾತು. ನಿಮ್ಮ ಕರಡಿನಲ್ಲಿ "ವಾರಸುದಾರರಿಲ್ಲದ ಲ್ಯಾಪ್‌ಟಾಪ್" ಅಂತಿದೆ. ಅದನ್ನು ತೆಗೆಯಿರಿ. ವಾರಸುದಾರ ಇದ್ದಾನೆ, ಕಾಫಿ ಕುಡಿಯಲು ಹೋಗಿದ್ದಾನೆ. "ಬಿಟ್ಟು ಹೋದ ಲ್ಯಾಪ್‌ಟಾಪ್" ಸಾಕು. ಜಾಗ ಉಳಿದರೆ ಬೋರ್ಡಿನ ಕೆಳಗೆ ಇದನ್ನೂ ಸೇರಿಸಿ: "ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜೊತೆ ಎಲ್ ಒತ್ತಿ. ಮ್ಯಾಕ್‌ನಲ್ಲಿ ಕಂಟ್ರೋಲ್, ಕಮಾಂಡ್, ಕ್ಯೂ ಮೂರನ್ನೂ ಒಟ್ಟಿಗೆ ಒತ್ತಿ." ಪ್ರಿಂಟಿಗೆ ಕೊಡುವ ಮುಂಚೆ ಪ್ರೂಫ್ ಇಲ್ಲಿ ಹಾಕಿ, ಐದೂವರೆವರೆಗೂ ನೋಡುತ್ತಿರುತ್ತೇನೆ.