ಗ್ವಾಕಮೋಲೆ ಸಪ್ಪೆ, ನೀರು ನೀರು, ಸಂಜೆಗೆ ಕಪ್ಪು: ಎಡವಟ್ಟು ಎಲ್ಲಿ?

ಕೇಳಿದ್ದು, ಬೆಂಗಳೂರಿನಿಂದ

ಗ್ವಾಕಮೋಲೆ, ಅಂದರೆ ಬೆಣ್ಣೆಹಣ್ಣು (ಅವಕಾಡೊ) ಕಿವುಚಿ ಮಾಡೋ, ಚಿಪ್ಸ್ ಅದ್ದಿ ತಿನ್ನೋ ಮೆಕ್ಸಿಕೊದ ತಿನಿಸು. ನನ್ನ ಅಳತೆ ಇಷ್ಟು: ದೊಡ್ಡ ಬೆಣ್ಣೆಹಣ್ಣು 1 (450 ಗ್ರಾಂ), ಈರುಳ್ಳಿ 1, ಟೊಮೆಟೊ 1, ಹಸಿಮೆಣಸಿನಕಾಯಿ 1, ಅರ್ಧ ಹಿಡಿ ಕೊತ್ತಂಬರಿ, ಅರ್ಧ ನಿಂಬೆಹಣ್ಣು, ಒಂದು ಚಿಟಿಕೆ ಉಪ್ಪು. ಎಲ್ಲ ಮಿಕ್ಸಿಗೆ ಹಾಕಿ ಎರಡು ಸುತ್ತು. ರುಚಿ ಸಪ್ಪೆ, ಬಟ್ಟಲಲ್ಲಿ ನೀರು ಬಿಡುತ್ತೆ, ನಾಲ್ಕೈದು ಗಂಟೆಗೆ ಕಪ್ಪಾಗುತ್ತೆ. ಒಮ್ಮೊಮ್ಮೆ ಕಹಿ. ಮನೇಲಿ ಒಬ್ಬರಿಗೆ ಖಾರ ಜೋರಿರಬೇಕು, ಒಬ್ಬರಿಗೆ ಹುಳಿ ಮುಂದಿರಬೇಕು, ಒಬ್ಬರು ಹಸಿ ಈರುಳ್ಳಿ ಮುಟ್ಟಲ್ಲ. ಮಾಡಿ ಪಳಗಿದವರು ಅಳತೆ ಸಮೇತ ಹೇಳಿ.

ಕೊಡಗಿನಿಂದ

ಮೊದಲು ಹಣ್ಣಿನ ವಿಷಯ. ನೀವು ನೋಡೋ ಅಮೆರಿಕದ ಅಳತೆಗಳಲ್ಲಿ ಬಹಳಷ್ಟು ಹ್ಯಾಸ್ ತಳಿಗೆ ಬರೆದಿದ್ದು. ಅದು ಅಂಗೈಯಲ್ಲಿ ಕೂರೋ ಹಣ್ಣು, ಸುಮಾರು 200 ಗ್ರಾಂ, ಸಿಪ್ಪೆ ತರಿತರಿ, ಹಣ್ಣಾದರೆ ಕಪ್ಪು. ತಿರುಳಲ್ಲಿ ಎಣ್ಣೆ ಜಾಸ್ತಿ. ನಮ್ಮ ತೋಟದ ಕಾಫಿ ಮಧ್ಯದ ಮರಗಳಲ್ಲಿ ಬರೋದರಲ್ಲಿ ಬಹಳಷ್ಟು ನುಣುಪು ಹಸಿರು ಸಿಪ್ಪೆಯ ದೊಡ್ಡ ಹಣ್ಣು. ಎಣ್ಣೆ ಕಮ್ಮಿ, ನೀರು ಜಾಸ್ತಿ. ಮಿಲ್ಕ್‌ಶೇಕಿಗೆ ಅದೇ ಚೆನ್ನ, ಗ್ವಾಕಮೋಲೆಗೆ ಕೈ ಕೊಡುತ್ತೆ. ಬೀಜದಿಂದ ಎದ್ದ ಮರವಾದ್ದರಿಂದ ಒಂದು ಮರದ ಹಣ್ಣಿನ ಹಾಗೆ ಇನ್ನೊಂದರದ್ದು ಇರಲ್ಲ. ಒಳ್ಳೇದು ಸಿಕ್ಕಿದ ಅಂಗಡೀಲೇ ಮತ್ತೆ ತಗೊಳ್ಳಿ.

ಬೆಣ್ಣೆಹಣ್ಣು ಮರದಲ್ಲಿ ಹಣ್ಣಾಗಲ್ಲ, ಕಿತ್ತ ಮೇಲೇ ಮೆತ್ತಗಾಗೋದು. ಗಟ್ಟಿ ಕಾಯಿ ತಂದರೆ ಬಾಳೆಹಣ್ಣಿನ ಜೊತೆ ಕಾಗದದ ಚೀಲದಲ್ಲಿ ಸುತ್ತಿ ಹೊರಗಿಡಿ, ಎರಡು ಮೂರು ದಿನ ಸಾಕು. ಕಾಯಿ ಇದ್ದಾಗಲೇ ಫ್ರಿಜ್‌ಗೆ ಹಾಕಿದರೆ ಹಣ್ಣಾಗೋದು ನಿಂತು ರಬ್ಬರ್ ಥರ ಆಗುತ್ತೆ. ನೋಡೋದು ಹೇಗೆ ಅಂದರೆ, ಬೆರಳ ತುದಿಯಲ್ಲಿ ಚುಚ್ಚಬೇಡಿ, ಅಲ್ಲಲ್ಲೇ ಕಂದು ಕಲೆ ಬೀಳುತ್ತೆ. ಅಂಗೈಯಲ್ಲಿ ಹಿಡಿದು ಮೆಲ್ಲಗೆ ಒತ್ತಿ. ತೊಟ್ಟಿನ ಗುಂಡಿಯನ್ನ ಉಗುರಲ್ಲಿ ಎಬ್ಬಿಸಿ: ಕೆಳಗೆ ಹಸಿರು-ಹಳದಿ ಇದ್ದರೆ ಹದ, ಕಂದು ಇದ್ದರೆ ಮೀರಿದೆ, ಗುಂಡಿ ಏಳದೇ ಇದ್ದರೆ ಇನ್ನೂ ಕಾಯಿ.

ಕಹಿಗೆ ಮುಖ್ಯ ಕಾರಣ ಹಣ್ಣಾಗದೇ ಇರೋದು. ಬೇಗ ಮೆತ್ತಗಾಗಲಿ ಅಂತ ಮೈಕ್ರೋವೇವ್‌ನಲ್ಲಿ ಇಡೋದು ಎರಡನೇದು. ಮೂರನೇದನ್ನ ಯಾರೂ ಗಮನಿಸಲ್ಲ: ನಿಂಬೆ ಬೀಜ ಮಿಕ್ಸಿಯಲ್ಲಿ ನುರಿಯೋದು.

ಆಸ್ಟಿನ್‌ನಿಂದ, ಟೆಕ್ಸಸ್

ಸಪ್ಪೆ ಆಗಿದ್ದು ಉಪ್ಪಿಂದಲೇ. 450 ಗ್ರಾಂ ಹಣ್ಣಲ್ಲಿ ಸಿಪ್ಪೆ, ಬೀಜ ಕಳೆದರೆ ಸುಮಾರು 300 ಗ್ರಾಂ ತಿರುಳು. ಅದಕ್ಕೆ 3 ಗ್ರಾಂ ಉಪ್ಪು, ಅಂದರೆ ಟೀ ಚಮಚದಲ್ಲಿ ಅರ್ಧ. ಒಂದು ಚಿಟಿಕೆ ಅರ್ಧ ಗ್ರಾಂ ಕೂಡ ತೂಗಲ್ಲ. ಎಣ್ಣೆ ಜಿಡ್ಡು ನಾಲಿಗೆಗೆ ಉಪ್ಪು, ಖಾರ ಎರಡನ್ನೂ ಮರೆಮಾಚುತ್ತೆ, ಹಾಗಾಗಿ ಪಲ್ಯದ ಕೈ ಅಳತೆ ಇಲ್ಲಿ ನಡೆಯಲ್ಲ.

300 ಗ್ರಾಂ ತಿರುಳಿಗೆ: ಸಣ್ಣಗೆ ಹೆಚ್ಚಿದ ಈರುಳ್ಳಿ 3 ದೊಡ್ಡ ಚಮಚ (ಇಡೀ ಈರುಳ್ಳಿ ವಿಪರೀತ ಆಯ್ತು), ಹಸಿಮೆಣಸು 1ರಿಂದ 2, ಕೊತ್ತಂಬರಿ ಎಳೆ ದಂಟು ಸಮೇತ ಹೆಚ್ಚಿದ್ದು 2 ದೊಡ್ಡ ಚಮಚ, ನಿಂಬೆರಸ 2 ಟೀ ಚಮಚ, ಬೀಜದ ಲೋಳೆ ತೆಗೆದ ಟೊಮೆಟೊ ಅರ್ಧ.

ಮಿಕ್ಸಿ ಬೇಡವೇ ಬೇಡ. ಗಾಳಿ ತುಂಬಿ ಪೇಸ್ಟ್ ಆಗುತ್ತೆ, ಈರುಳ್ಳಿ ಅರೆದು ಘಾಟು ಬರುತ್ತೆ, ಬೇಗ ಕಪ್ಪಾಗೋದಕ್ಕೂ ಅದೇ ಮೂಲ. ಮೆಕ್ಸಿಕೊದಲ್ಲಿ ಮೊಲ್ಕಹೆತೆ ಅಂತ ಮೂರು ಕಾಲಿನ ಕಪ್ಪು ಕಲ್ಲಿನ ಒರಳು ಇರುತ್ತೆ. ನಿಮ್ಮ ಮನೆಯ ಕಲ್ಲಿನ ಕುಟ್ಟಾಣಿ ಅದೇ ಕೆಲಸ ಮಾಡುತ್ತೆ. ಅರ್ಧ ಈರುಳ್ಳಿ, ಎಲ್ಲ ಮೆಣಸು, ಅರ್ಧ ಕೊತ್ತಂಬರಿ, ಎಲ್ಲ ಉಪ್ಪು ಹಾಕಿ ಮೊದಲು ಜಜ್ಜಿ. ಹರಳುಪ್ಪಾದರೆ ಅದೇ ಮರಳಿನ ಹಾಗೆ ಉಜ್ಜಿ ರಸ ಬಿಡಿಸುತ್ತೆ. ಹಸಿರು ರಸ ಕಲ್ಲಿಗೆ ಮೆತ್ತಿಕೊಂಡಾಗ ತಿರುಳು ಸೇರಿಸಿ ಕಿವುಚಿ. ಬಟಾಣಿ ಗಾತ್ರದ ತುಂಡು ಅಲ್ಲಲ್ಲಿ ಉಳಿದಿರಬೇಕು. ಉಳಿದ ಈರುಳ್ಳಿ, ಸೊಪ್ಪು, ಟೊಮೆಟೊ, ನಿಂಬೆರಸ ಕೊನೆಗೆ ಚಮಚದಲ್ಲಿ ಕಲಸಿ. ಹತ್ತು ನಿಮಿಷ ಬಿಟ್ಟು, ಯಾವುದರ ಜೊತೆ ತಿನ್ನುತ್ತೀರೋ ಅದರಲ್ಲೇ ಅದ್ದಿ ರುಚಿ ನೋಡಿ. ಚಿಪ್ಸ್ ಉಪ್ಪಿನದಾದರೆ ಬರೀ ಚಮಚದಲ್ಲಿ ನೋಡಿದ ಲೆಕ್ಕ ತಪ್ಪುತ್ತೆ.

ಬೀಜ ತೆಗೆಯುವಾಗ ಹಣ್ಣನ್ನ ಅಂಗೈಯಲ್ಲಿಟ್ಟು ಚಾಕು ಚುಚ್ಚಬೇಡಿ. ವೈದ್ಯರು ಆ ಗಾಯಕ್ಕೆ ‘ಅವಕಾಡೊ ಕೈ’ ಅಂತಲೇ ಹೆಸರಿಟ್ಟಿದ್ದಾರೆ. ಮಣೆ ಮೇಲಿಟ್ಟು ಚಮಚದಲ್ಲಿ ಎಬ್ಬಿಸಿ.

ಮೈಸೂರಿನಿಂದ

ಮೇಲಿನವರು ಹೇಳಿದ್ದಕ್ಕೆ ಎರಡು ತಕರಾರು.

ಒಂದು, ನೀರಿನ ಹಣ್ಣಿಗೆ ಟೊಮೆಟೊ ಬೇಡ. ಹಾಕಲೇಬೇಕಾದರೆ ಲೋಳೆ ತೆಗೆದು, ಹೆಚ್ಚಿ, ಚೂರು ಉಪ್ಪು ಸವರಿ ಜರಡಿಯಲ್ಲಿ 10 ನಿಮಿಷ ಬಿಟ್ಟು ನೀರು ಸುರಿದುಬಿಡಿ. ಆ ಉಪ್ಪನ್ನ ಒಟ್ಟು ಅಳತೆಯಲ್ಲಿ ಕಳೆಯಿರಿ. ತಿರುಳೇ ನೀರಾಗಿದ್ದರೆ ಹುರಿದ ಕುಂಬಳಬೀಜದ ಪುಡಿ ಒಂದು ದೊಡ್ಡ ಚಮಚ ಹಾಕಿ. ನೀರನ್ನೂ ಹೀರುತ್ತೆ, ಕಮ್ಮಿಯಾದ ಜಿಡ್ಡನ್ನೂ ತುಂಬುತ್ತೆ. ಮೆಯೊನೇಸ್, ಗಟ್ಟಿ ಮೊಸರು ಹಾಕಿ ಸರಿಮಾಡೋದು ಸುಳ್ಳು ದಾರಿ, ಹಣ್ಣಿನ ರುಚಿ ಮುಳುಗಿಹೋಗುತ್ತೆ.

ಎರಡು, ನಿಂಬೆರಸವನ್ನ ಅಳತೆ ಪ್ರಕಾರ ಒಟ್ಟಿಗೆ ಸುರಿಯಬೇಡಿ. ಮೆಕ್ಸಿಕೊದಲ್ಲೇ ಅದು ಬೇಕೋ ಬೇಡವೋ ಅಂತ ಜಗಳ ಇದೆ. ಒಳ್ಳೆ ಹಣ್ಣಿಗೆ ಹುಳಿ ಯಾಕೆ ಅನ್ನೋರೂ ಇದ್ದಾರೆ. ನಮ್ಮ ಸಣ್ಣ ಕಾಗದಿ ನಿಂಬೆಯೂ ಮೆಕ್ಸಿಕನ್ ಲೈಮೂ ಒಂದೇ ಜಾತಿ. ಅಮೆರಿಕದ ಅಂಗಡಿಗಳಲ್ಲಿ ಹೆಚ್ಚು ಸಿಗೋದು ಬೀಜವಿಲ್ಲದ ದೊಡ್ಡ ಪರ್ಷಿಯನ್ ಲೈಮ್, ಅದರ ಹುಳಿ ಸ್ವಲ್ಪ ಸೌಮ್ಯ. ಅಲ್ಲಿನ ಅಳತೆಯನ್ನ ಇಲ್ಲಿ ಹಾಗೇ ಹಾಕಿದರೆ ಹುಳಿ ಹೊಡೆಯುತ್ತೆ. ಒಂದು ಟೀ ಚಮಚದಿಂದ ಶುರುಮಾಡಿ.

ಜೀರಿಗೆ, ಬೆಳ್ಳುಳ್ಳಿ ಹಾಕೋದು ಗಡಿಯಾಚೆ ಟೆಕ್ಸಸ್ ಕಡೆಯ ರೂಢಿ. ತಪ್ಪೇನಿಲ್ಲ, ಆದರೆ ಜೀರಿಗೆ ಕಾಲು ಟೀ ಚಮಚ ದಾಟಿದರೆ ನಮ್ಮ ನಾಲಿಗೆಗೆ ಅದು ಪಲ್ಯವೇ ಆಗಿಬಿಡುತ್ತೆ.

ಪುಣೆಯಿಂದ

ಕಪ್ಪಾಗೋದರ ಬಗ್ಗೆ. ತಿರುಳು ಒಡೆದಾಗ ಅದರಲ್ಲಿರೋ ಒಂದು ಕಿಣ್ವ ಗಾಳಿಯ ಆಮ್ಲಜನಕದ ಜೊತೆ ಸೇರಿ ಕಂದು ಬಣ್ಣ ಮಾಡುತ್ತೆ, ಬದನೆಕಾಯಿ ಹೆಚ್ಚಿಟ್ಟಾಗ ಆಗೋದೂ ಇದೇ. ಹುಳಿ ಅದನ್ನ ನಿಧಾನ ಮಾಡುತ್ತೆ, ನಿಲ್ಲಿಸಲ್ಲ. ಬೀಜವನ್ನ ಮಧ್ಯೆ ಇಟ್ಟರೆ ಕಪ್ಪಾಗಲ್ಲ ಅನ್ನೋದು ಬೀಜ ಮುಚ್ಚಿದಷ್ಟು ಜಾಗಕ್ಕೆ ಮಾತ್ರ ನಿಜ, ಸುತ್ತ ಎಲ್ಲ ಕಪ್ಪೇ. ಕೆಲಸ ಮಾಡೋದು ಗಾಳಿ ತಪ್ಪಿಸೋದು: ಕಿರಿದಾದ ಡಬ್ಬಿಗೆ ಒತ್ತಿ ತುಂಬಿ, ಮೇಲೆ ಸಮ ಮಾಡಿ, ತಣ್ಣೀರನ್ನ ಅರ್ಧ ಇಂಚು ಮೆಲ್ಲಗೆ ಹೊಯ್ದು ಮುಚ್ಚಿ ಫ್ರಿಜ್‌ನಲ್ಲಿಡಿ. ತಿನ್ನುವಾಗ ನೀರು ಬಗ್ಗಿಸಿ ಕಲಸಿ. ಮಾರನೇ ದಿನಕ್ಕೂ ಹಸಿರಾಗಿರುತ್ತೆ. ತೆಳ್ಳಗಿನ ಗ್ವಾಕಮೋಲೆಗೆ ಈ ಉಪಾಯ ಬೇಡ, ಪ್ಲಾಸ್ಟಿಕ್ ಹಾಳೆಯನ್ನ ಮೇಲ್ಮೈಗೆ ತಾಗಿಸಿ ಅಂಟಿಸಿ. ಮೇಲೆ ಕಂದು ಪದರ ಬಂದರೆ ಕೆರೆದು ತೆಗೆಯಿರಿ, ಕೆಳಗಿನದು ಚೆನ್ನಾಗೇ ಇರುತ್ತೆ.

ಕೇಳಿದವರು ಮತ್ತೆ

ಮೂವರಿಗೆ ಮೂರು ರುಚಿ ಅಂದೆನಲ್ಲ, ಮೂರು ಬಟ್ಟಲು ಬೇರೆ ಬೇರೆ ಮಾಡಬೇಕಾ? ಇನ್ನೊಂದು, ಸಾಸಿವೆ ಒಗ್ಗರಣೆ ಹಾಕಬಹುದಾ?

ಆಸ್ಟಿನ್‌ನಿಂದ

ತಳ ಒಂದೇ ಮಾಡಿ: ತಿರುಳು, ಉಪ್ಪು, ಕೊತ್ತಂಬರಿ, 1 ಟೀ ಚಮಚ ನಿಂಬೆರಸ. ಜಜ್ಜುವಾಗ ಈರುಳ್ಳಿ, ಮೆಣಸು ಬಿಡಿ. ಆಮೇಲೆ ಮೂರು ಪಾಲು.

ಖಾರದವರಿಗೆ ಒಂದು ಹಸಿಮೆಣಸನ್ನ ಒಳಗಿನ ಬಿಳಿ ನಾರು ಸಮೇತ ಜಜ್ಜಿ ಸೇರಿಸಿ. ಖಾರ ಇರೋದು ಬೀಜಕ್ಕಿಂತ ಆ ನಾರಲ್ಲಿ. ಖಾರ ಸಾಲದು ಅಂತ ತಕ್ಷಣ ಇನ್ನೊಂದು ಹಾಕಬೇಡಿ, ಹತ್ತು ನಿಮಿಷದಲ್ಲಿ ಏರುತ್ತೆ. ಹುಳಿಯವರಿಗೆ ಹೆಚ್ಚು ರಸ ಹಿಂಡಿದರೆ ತೆಳ್ಳಗಾಗುತ್ತೆ; ಒಂದು ಟೀ ಚಮಚ ರಸದ ಜೊತೆ ಸಣ್ಣಗೆ ಹೆಚ್ಚಿದ ಮಾವಿನಕಾಯಿ ಒಂದು ದೊಡ್ಡ ಚಮಚ. ಈರುಳ್ಳಿ ಬೇಡದವರಿಗೆ ದಾಳಿಂಬೆ ಕಾಳು. ವಿಚಿತ್ರ ಅನ್ನಿಸಬಹುದು, ಆದರೆ ಮೆಕ್ಸಿಕೊದ ಗುವಾನಹುವಾತೊ ಕಡೆ ದಾಳಿಂಬೆ, ದ್ರಾಕ್ಷಿ, ಪೀಚ್ ಹಾಕೋ ಗ್ವಾಕಮೋಲೆಯೇ ಇದೆ. ಬೇಡ ಅನ್ನೋದು ಘಾಟಿಗೆ ಮಾತ್ರ ಆದರೆ, ಹೆಚ್ಚಿದ ಈರುಳ್ಳಿಯನ್ನ ತಣ್ಣೀರಲ್ಲಿ 10 ನಿಮಿಷ ನೆನೆಸಿ, ಬಸಿದು, ಬಟ್ಟೆಯಲ್ಲಿ ಒತ್ತಿ ಹಾಕಿ ನೋಡಿ.

ಮೈಸೂರಿನಿಂದ

ಒಗ್ಗರಣೆ ಧಾರಾಳವಾಗಿ ಹಾಕಿ, ಆದರೆ ಪೂರ್ತಿ ತಣ್ಣಗಾದ ಮೇಲೆ. ಚುರ್ ಅಂತ ಸುರಿದರೆ ತಿರುಳಿಗೆ ಬಿಸಿ ತಗುಲಿ ಕಹಿ. 300 ಗ್ರಾಂಗೆ ಎಣ್ಣೆ 1 ಟೀ ಚಮಚ, ಸಾಸಿವೆ ಕಾಲು ಟೀ ಚಮಚ, ಕರಿಬೇವು ನಾಲ್ಕೆಲೆ, ಇಂಗು ಚೂರು. ಕಡಕ್ ಜೋಳದ ರೊಟ್ಟಿ ಮುರಿದು ಅದ್ದಿಕೊಳ್ಳಿ, ಕಾರ್ನ್ ಚಿಪ್ಸ್‌ಗಿಂತ ಚೆನ್ನಾಗಿ ಎತ್ತುತ್ತೆ. ರೊಟ್ಟಿಯಲ್ಲಿ ಉಪ್ಪು ಕಮ್ಮಿ ಇರೋದರಿಂದ ಬಟ್ಟಲಿಗೆ ಇನ್ನೊಂದು ಚಿಟಿಕೆ ಬೇಕಾಗುತ್ತೆ. ಅದನ್ನ ಗ್ವಾಕಮೋಲೆ ಅಂತ ಮಾತ್ರ ಕರೀಬೇಡಿ, ಬೆಣ್ಣೆಹಣ್ಣಿನ ಚಟ್ನಿ ಅಂತ ಬಡಿಸಿ.