3ನೇ ಅಡ್ಡರಸ್ತೆ ನಿವಾಸಿಗಳ ಗುಂಪು: ನಿನ್ನೆ ರಾತ್ರಿ ನಡೆದದ್ದು

ಮನೆ 18 · ಬೆಳಗ್ಗೆ 5:47
ರಾತ್ರಿ ಕಣ್ಣು ಮುಚ್ಚೋಕ್ಕಾಗಿಲ್ಲ. ಬರೆದೇ ಬಿಡ್ತೀನಿ, ಯಾರಿಗೆ ಬೇಜಾರಾದ್ರೂ ಸರಿ. ಒಂದೂವರೆ ಗಂಟೇಲಿ ಆ ಹುಡುಗ ಬರಿಗಾಲಲ್ಲಿ ಬೀದಿ ಮಧ್ಯ ನಿಂತು "ದೀಪ ಆರಿಸಿ, ದೀಪ ಆರಿಸಿ" ಅಂತ ಕೂಗ್ತಿದ್ದ. ಅವರಮ್ಮ ಒಬ್ಬರೇ ಅವನ ತೋಳು ಹಿಡ್ಕೊಂಡು ಒಳಗೆ ಕರೀತಿದ್ರು. ಹನ್ನೊಂದು ಬಾಲ್ಕನಿಲಿ ಜನ ನಿಂತಿದ್ರಿ, ನಾನು ಎಣಿಸಿದೀನಿ. ಕೆಳಗೆ ಇಳಿದಿದ್ದು ಇಬ್ಬರು, ನಾನು ಮತ್ತು 12ನೇ ಮನೆ ಸಿಸ್ಟರ್. ಉಳಿದವರು ಮೊಬೈಲ್ ಟಾರ್ಚ್ ಹಾಕಿ ಅವನ ಮುಖಕ್ಕೇ ಬಿಟ್ರಿ. ದೀಪಕ್ಕೇ ಅವನು ಹೆದರ್ತಿರೋದು ಅಂತ ಒಬ್ಬರಿಗಾದ್ರೂ ಹೊಳೀಲಿಲ್ವಾ?
ಆಮೇಲೆ ಇದೇ ಗುಂಪಲ್ಲಿ ವಿಡಿಯೋ. ಅವರಮ್ಮ ಕೈ ಮುಗೀತಿರೋದೂ ಅದರಲ್ಲಿದೆ. ಮನೆ 9ರಲ್ಲಿ ಆದಾಗ ಎಲ್ಲರೂ ಬರೆದಿದ್ರಿ, "ಮೊದಲೇ ಗೊತ್ತಿದ್ರೆ ಏನಾದ್ರೂ ಮಾಡ್ತಿದ್ವಿ" ಅಂತ. ನಿನ್ನೆ ಗೊತ್ತಿತ್ತಲ್ಲ?

ಮನೆ 7 · 6:02
ಶುಭೋದಯ. ನಗು ದುಡ್ಡಿಲ್ಲದ ಔಷಧಿ. ದಿನಕ್ಕೆ ಹತ್ತು ನಿಮಿಷ ನಗಿ, ಟೆನ್ಷನ್ ಓಡಿಸಿ. ಹತ್ತು ಜನಕ್ಕೆ ಕಳಿಸಿ.

ಮನೆ 41 · 6:20
ಮೇಡಂ, ನಿಮ್ಮ ಕಳಕಳಿ ಅರ್ಥ ಆಗುತ್ತೆ. ಆದರೆ ಇದು ಮೂರನೇ ಸಲ. ನಾನು ಏಪ್ರಿಲ್‌ನಲ್ಲೇ ಹೇಳಿದ್ದೆ, ಯಾರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಮಕ್ಕಳು ಓಡಾಡೋ ರಸ್ತೆ. ನಾಳೆ ಏನಾದ್ರೂ ಆದ್ರೆ ಹೊಣೆ ಯಾರು? ಮನೆ ಓನರ್ ಇದೇ ಗುಂಪಲ್ಲಿದಾರೆ, ಉತ್ತರ ಕೊಡ್ಲಿ. ಖಾಲಿ ಮಾಡಿಸ್ತಾರೋ ಇಲ್ವೋ?

ಮನೆ 27 · 6:31
ಸರ್, ಓನರ್ ನಾನೇ. ಆರು ವರ್ಷದಿಂದ ಇದಾರೆ, ಒಂದು ತಿಂಗಳೂ ಬಾಡಿಗೆ ತಡ ಆಗಿಲ್ಲ. ಕಾಯಿಲೆ ಬಿದ್ದಿದ್ದಕ್ಕೆ ಮನೆ ಬಿಡಿಸೋ ಮನುಷ್ಯ ನಾನಲ್ಲ.

ಮನೆ 41 · 6:33
ಕಾಯಿಲೆ ಬೇರೆ, ಇದು ಬೇರೆ.

ಮನೆ 12 · 6:50
ಇದೂ ಕಾಯಿಲೆನೇ ಸರ್. ಮೂವತ್ತೊಂದು ವರ್ಷ ವಾರ್ಡ್‌ನಲ್ಲಿ ಕೆಲಸ ಮಾಡಿದವಳು ಹೇಳ್ತಿದೀನಿ. ಆ ಹುಡುಗ ಯಾರ ಮೈಮೇಲೂ ಹೋಗಲಿಲ್ಲ, ಕಲ್ಲೆತ್ತಲಿಲ್ಲ. ಅವನಿಗೇ ಹೆದರಿಕೆ ಆಗಿತ್ತು. ಇಂಥವರು ಬೇರೆಯವರಿಗೆ ಹೊಡೆಯೋದಕ್ಕಿಂತ ಬೇರೆಯವರ ಕೈಲಿ ಹೊಡೆಸಿಕೊಳ್ಳೋದೇ ಹೆಚ್ಚು.
ಮುಂದೆ ಯಾರ ಮನೇಲಾದ್ರೂ ಹೀಗಾದ್ರೆ ಏನು ಮಾಡ್ಬೇಕು ಅಂತ ಬರೀತೀನಿ, ದಯವಿಟ್ಟು ಓದಿ. ಒಬ್ಬರೇ ಮಾತಾಡಿ. ನಿಧಾನವಾಗಿ, ಸಣ್ಣ ಮಾತಲ್ಲಿ. ಸುತ್ತ ಗುಂಪು ಕಟ್ಟಬೇಡಿ, ಓಡಾಡೋಕೆ ಜಾಗ ಬಿಡಿ, ಹಿಂದಿನಿಂದ ಹಿಡೀಬೇಡಿ. "ಅಲ್ಲೇನೂ ಇಲ್ಲ, ನಿನ್ನ ಭ್ರಮೆ" ಅಂತ ವಾದಕ್ಕಿಳಿಬೇಡಿ. ಅವನಿಗೆ ಅದು ಕಾಣ್ತಾ ಇದೆ, ಕೇಳ್ತಾ ಇದೆ. "ಹೆದರಿಕೆ ಆಗ್ತಿದ್ಯಾ, ನಾನು ಇಲ್ಲೇ ಇದೀನಿ" ಅಂದ್ರೆ ಸಾಕು. ನಿನ್ನೆ 18ನೇ ಮನೆಯವರು ಬೀದಿಲಿ ಕೂತ್ಕೊಂಡು ಅಷ್ಟೇ ಹೇಳಿದ್ದು. ಅವನೂ ಪಕ್ಕದಲ್ಲಿ ಕೂತ.
ಪ್ರಾಣಕ್ಕೆ ಅಪಾಯ ಅನ್ನಿಸಿದ್ರೆ 108 ಅಥವಾ 112. ಅಷ್ಟು ದೂರ ಹೋಗೋ ಮುಂಚೆ, ನಿದ್ದೆ ಕೆಟ್ಟಾಗ, ಮನಸ್ಸು ಕುಗ್ಗಿದಾಗ ಟೆಲಿ ಮಾನಸ್, 14416. ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕೆ ಶುರುವಾಗಿದ್ದು. 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಮಾತಾಡ್ತಾರೆ, ಅಗತ್ಯ ಇದ್ರೆ ಡಾಕ್ಟರ್‌ಗೆ ಕೊಡ್ತಾರೆ. ಮನೆಯವರೂ ಮಾಡಬಹುದು.

ಮನೆ 15 · 7:05
ವಿಡಿಯೋ ಹಾಕಿದ್ದು ನಾನು. ಪೊಲೀಸ್‌ನೋರಿಗೆ ಸಾಕ್ಷಿಗೆ ಬೇಕಾಗುತ್ತೆ ಅಂತ ತೆಗೆದೆ. ಸಾರಿ. ಡಿಲೀಟ್ ಮಾಡಿದೀನಿ.

ಮನೆ 18 · 7:06
ಥ್ಯಾಂಕ್ಸ್ ತಮ್ಮ. ಬೇರೆ ಗುಂಪಿಗೆ ಕಳಿಸಿದ್ರೆ ಅಲ್ಲೂ ತೆಗೆದುಬಿಡಪ್ಪ.

ಮನೆ 41 · 7:15
ಪೊಲೀಸ್‌ಗೆ ಫೋನ್ ಮಾಡಿದ್ದು ನಾನು. ಒಬ್ಬರಾದ್ರೂ ಕೃತಜ್ಞತೆ ಹೇಳಿದ್ರಾ? ಅವರು ಬಂದು ಏನು ಮಾಡಿದ್ರು? ಸ್ಟೇಷನ್‌ಗೆ ಕರ್ಕೊಂಡು ಹೋಗ್ಲಿಲ್ಲ, ಕೇಸ್ ಹಾಕ್ಲಿಲ್ಲ.

ಮನೆ 12 · 7:24
ಹಾಕೋ ಹಾಗಿಲ್ಲ ಸರ್. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸೆಕ್ಷನ್ 100 ಪ್ರಕಾರ ಪೊಲೀಸರು ಇಂಥವರನ್ನ ರಕ್ಷಣೆಗೆ ತಗೊಂಡು 24 ಗಂಟೆ ಒಳಗೆ ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು. ಲಾಕಪ್‌ಗೆ ಹಾಕೋ ಹಾಗೇ ಇಲ್ಲ. ನಿನ್ನೆ ಬಂದ ಹೆಡ್ ಕಾನ್‌ಸ್ಟೇಬಲ್ ಟೋಪಿ ತೆಗೆದು ಕೈಲಿ ಹಿಡ್ಕೊಂಡು ಮಾತಾಡಿಸಿದ್ರು. ನಾವೆಲ್ಲ ಅವರನ್ನ ನೋಡಿ ಕಲೀಬೇಕು.

ಮನೆ 35 · 7:40
ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ನಿಮ್ಹಾನ್ಸ್‌ನವರು 2015-16ರಲ್ಲಿ ದೇಶದಲ್ಲಿ ಸಮೀಕ್ಷೆ ಮಾಡಿದ್ರು. ವಯಸ್ಕರಲ್ಲಿ ನೂರಕ್ಕೆ 10.6 ಜನರಿಗೆ ಆ ಹೊತ್ತಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ನಮ್ಮ ರಸ್ತೇಲಿ 48 ಮನೆ, ದೊಡ್ಡವರೇ ನೂರೈವತ್ತು ಜನ ಆಗ್ತೀವಿ. ಆ ಲೆಕ್ಕದಲ್ಲಿ ಸುಮಾರು ಹದಿನಾರು ಜನ. ನಮಗೆ ಕೇಳಿಸಿದ್ದು ಒಬ್ಬನದು. ಉಳಿದ ಹದಿನೈದು ಜನ ಬಾಗಿಲು ಹಾಕ್ಕೊಂಡು ಕೂತಿದಾರೆ.
ಅಕ್ಟೋಬರ್ 10 ವಿಶ್ವ ಮಾನಸಿಕ ಆರೋಗ್ಯ ದಿನ, ಇನ್ನು ಮೂರು ವಾರ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದವರನ್ನ ಕರೆಸೋಣ. ಆ ಕಾರ್ಯಕ್ರಮ 1996ರಲ್ಲಿ ದೇಶಕ್ಕೆ ಬಂದಿದ್ದೇ ನಮ್ಮ ಬಳ್ಳಾರಿ ಮಾದರಿ ಇಟ್ಕೊಂಡು. ಸಾಮಾನ್ಯ ಡಾಕ್ಟರಿಗೇ ತರಬೇತಿ ಕೊಟ್ಟು ಹಳ್ಳಿ ಆರೋಗ್ಯ ಕೇಂದ್ರದಲ್ಲೇ ಮಾತ್ರೆ ಸಿಗೋ ಹಾಗೆ ಅಲ್ಲಿ ಮಾಡಿದ್ರು. ನಾವು ಒಂದು ಸಭೆ ಮಾಡೋಕ್ಕಾಗಲ್ವಾ?

ಕಾರ್ಯದರ್ಶಿ · 7:52
ಒಳ್ಳೇ ಸಲಹೆ ಮೇಷ್ಟ್ರೇ. ಭಾನುವಾರ ಸಂಜೆ 5ಕ್ಕೆ ಪಾರ್ಕ್‌ನಲ್ಲಿ ಸೇರಿ ತೀರ್ಮಾನ ಮಾಡೋಣ. ಯಾರ್ಯಾರು ಬರ್ತೀರಿ ಹೇಳಿ.

ಮನೆ 29 · 7:55
ಬರ್ತೀನಿ.

ಮನೆ 44 · 7:58
ತಿಂಗಳ ಕೊನೇಲಿ ನಮಗೆಲ್ಲ ಆಗೋದೂ ಮಾನಸಿಕ ಕಾಯಿಲೆನೇ, ಹಹಹ. ನಾನೂ ಬರ್ತೀನಿ.

ಮನೆ 41 · 8:03
ಸಭೆ ಮಾಡೋ ಮುಂಚೆ ಒಂದು ಪ್ರಶ್ನೆ. ಆಂಬುಲೆನ್ಸ್ ತಿರುವಿನಲ್ಲೇ ಯಾಕೆ ನಿಂತಿತ್ತು? ಇಪ್ಪತ್ತು ನಿಮಿಷ! ರಸ್ತೆಯ ಎರಡೂ ಕಡೆ ಕಾರು. ಯಾರ ಕಾರು ಅಂತ ಎಲ್ಲರಿಗೂ ಗೊತ್ತು.

ಮನೆ 22 · 8:05
ನೇರವಾಗಿ ಹೆಸರು ಹಿಡಿದು ಹೇಳಿ ಸರ್. ನನ್ನ ಕಾರು ನನ್ನ ಗೇಟ್ ಮುಂದೆ ಇತ್ತು. ನಿಮ್ಮ ಮನೆ ಮುಂದೆ ಸುರಿದಿರೋ ಜಲ್ಲಿ ಎರಡು ತಿಂಗಳಿಂದ ಹಾಗೇ ಇದೆ, ಅದಕ್ಕೇನು ಹೇಳ್ತೀರಿ?

ಮನೆ 41 · 8:06
ಜಲ್ಲಿಗೆ ಅನುಮತಿ ಇದೆ. ಪತ್ರ ಇದೆ. ಬೇಕಾದ್ರೆ ಫೋಟೋ ಹಾಕ್ತೀನಿ.

ಮನೆ 22 · 8:06
ಹಾಕಿ.

ಮನೆ 41 · 8:09
ಹಿಂದಿನ ಕಮಿಟಿ ಇದ್ದಾಗ ಒಂದೇ ಕಡೆ ಪಾರ್ಕಿಂಗ್ ಅಂತ ನಿಯಮ ಇತ್ತು. ಈಗಿನ ಕಾರ್ಯದರ್ಶಿ ಬಂದ ಮೇಲೆ ಎಲ್ಲ ಸಡಿಲ.

ಕಾರ್ಯದರ್ಶಿ · 8:11
ಸರ್, ಆ ನಿಯಮ ಬೇಡ ಅಂತ ಮೊದಲು ಸಹಿ ಹಾಕಿದ್ದು ತಾವೇ. ಪುಸ್ತಕದಲ್ಲಿದೆ.

ಮನೆ 7 · 8:15
ಎಚ್ಚರಿಕೆ! ಮನೋರೋಗದ ಮಾತ್ರೆ ಒಮ್ಮೆ ಶುರು ಮಾಡಿದ್ರೆ ಸಾಯೋವರೆಗೂ ಬಿಡೋಕ್ಕಾಗಲ್ಲ, ಕಿಡ್ನಿ ಹೋಗುತ್ತೆ. ಎಲ್ಲರಿಗೂ ತಲುಪಿಸಿ.

ಮನೆ 12 · 8:19
ಅಣ್ಣಾ, ಇದನ್ನ ದಯವಿಟ್ಟು ತೆಗೀರಿ. ಇಂಥ ಸಂದೇಶ ನಂಬಿ ಮಾತ್ರೆ ನಿಲ್ಲಿಸಿ ಮತ್ತೆ ವಾರ್ಡ್‌ಗೆ ಬಂದವರನ್ನ ಲೆಕ್ಕ ಇಲ್ಲದಷ್ಟು ನೋಡಿದೀನಿ. ಕೆಲವರಿಗೆ ಕೆಲವು ತಿಂಗಳು ಸಾಕು, ಕೆಲವರಿಗೆ ವರ್ಷಗಟ್ಟಲೆ ಬೇಕು, ಬಿಪಿ ಶುಗರ್ ಇದ್ದ ಹಾಗೆ. ಕೆಲವು ಮಾತ್ರೆಗೆ ಆಗಾಗ ರಕ್ತ ಪರೀಕ್ಷೆ ಬೇಕು, ಡಾಕ್ಟರ್ ಬರೆದುಕೊಡ್ತಾರೆ. ಯಾವಾಗ ನಿಲ್ಲಿಸ್ಬೇಕು ಅನ್ನೋದನ್ನೂ ಡಾಕ್ಟರೇ ಹೇಳ್ಬೇಕು. ಚೆನ್ನಾಗಾದೆ ಅನ್ನಿಸಿದಾಗ ಬಿಟ್ಟುಬಿಡ್ತಾರಲ್ಲ, ಅಲ್ಲೇ ತಪ್ಪೋದು.

ಮನೆ 26 · 8:40
ನಾನೂ ಈ ಗುಂಪಿನಲ್ಲೇ ಇದ್ದೇನೆ. ಬೆಳಗ್ಗೆಯಿಂದ ಎಲ್ಲ ಓದಿದೆ. ಮಗ ಆಸ್ಪತ್ರೆಯಲ್ಲಿ ಮಲಗಿದ್ದಾನೆ. ಸಿಸ್ಟರ್ ಹೇಳಿದ ಹಾಗೇ ಆಗಿದ್ದು. ಕೆಲಸಕ್ಕೆ ಸೇರಿದ ಮೇಲೆ ಆರಾಮಾಗಿದ್ದ, ಎರಡು ತಿಂಗಳಿಂದ ಮಾತ್ರೆ ಬಿಟ್ಟಿದ್ದ. ನನಗೆ ಗೊತ್ತಾಗಲಿಲ್ಲ. ನಿಮ್ಮ ನಿದ್ದೆ ಕೆಡಿಸಿದ್ದಕ್ಕೆ ಕ್ಷಮೆ ಇರಲಿ. ನಾಲ್ಕು ವರ್ಷದಿಂದ ಯಾರಿಗೂ ಹೇಳಿರಲಿಲ್ಲ, ಅವನ ಮದುವೆ, ಕೆಲಸ ಎಲ್ಲ ನೋಡಬೇಕಲ್ಲ. ಅವನು ವಾಪಸ್ ಬಂದಾಗ ಮೊದಲಿನ ಹಾಗೇ ಮಾತಾಡಿಸಿ, ಅಷ್ಟು ಸಾಕು.

ಮನೆ 18 · 8:41
ಅಕ್ಕಾ, ಕ್ಷಮೆ ನಾವು ಕೇಳ್ಬೇಕು. ಸಂಜೆ ಬರ್ತೀನಿ, ರಾತ್ರಿ ನಾನಿರ್ತೀನಿ ಅವನ ಹತ್ರ, ನೀವು ಮನೆಗೆ ಬಂದು ಮಲಗಿ.

ಮನೆ 41 · 8:55
ತಾಯಿ, ನಿಮ್ಮ ಮೇಲೆ ನನಗೆ ಏನೂ ಇಲ್ಲ. ಮಗ ಬೇಗ ಗುಣವಾಗ್ಲಿ. ನಾನು ಹೇಳ್ತಿರೋದು ಪಾರ್ಕಿಂಗ್ ವಿಷಯ. ನಿನ್ನೆ ನಿಮಗೇ ತೊಂದರೆ ಆಗಿದ್ದು ಅದರಿಂದ.

ಮನೆ 35 · 9:10
ಪಾರ್ಕಿಂಗ್ ಕೂಡ ಮಾತಾಡೋಣ ಸರ್, ಆದ್ರೆ ಇದು ಮುಳುಗಿ ಹೋಗೋದು ಬೇಡ. ಜಿಂಬಾಬ್ವೆ ದೇಶದಲ್ಲಿ ಡಿಕ್ಸನ್ ಚಿಬಾಂಡ ಅನ್ನೋ ಮನೋವೈದ್ಯರು 2006ರಲ್ಲಿ ಒಂದು ಕೆಲಸ ಶುರು ಮಾಡಿದ್ರು. ದೇಶಕ್ಕೆಲ್ಲ ಬೆರಳೆಣಿಕೆಯಷ್ಟು ಮನೋವೈದ್ಯರು. ಅವರು ಓಣಿ ಅಜ್ಜಿಯರಿಗೆ ತರಬೇತಿ ಕೊಟ್ಟು, ಆರೋಗ್ಯ ಕೇಂದ್ರದ ಅಂಗಳದಲ್ಲಿ ಮರದ ಬೆಂಚ್ ಹಾಕಿ ಕೂರಿಸಿದ್ರು. ಕಷ್ಟ ಇದ್ದವರು ಬಂದು ಪಕ್ಕದಲ್ಲಿ ಕೂರೋದು, ಹೇಳ್ಕೊಳ್ಳೋದು. 2016ರಲ್ಲಿ ಅದರ ಪರೀಕ್ಷೆಯ ಫಲಿತಾಂಶ ಪ್ರಕಟ ಆಯ್ತು, ಬೆಂಚ್ ಮೇಲೆ ಕೂತವರಲ್ಲಿ ಖಿನ್ನತೆ ಚೆನ್ನಾಗಿ ಇಳಿದಿತ್ತು. ಅಲ್ಲಿನ ಶೋನಾ ಭಾಷೆಯಲ್ಲಿ ಆ ಕಾಯಿಲೆಗೆ ಹೇಳೋದು 'ಕುಫುಂಗಿಸಿಸಾ', ಅಂದ್ರೆ ಅತಿಯಾಗಿ ಯೋಚನೆ ಮಾಡೋದು. ನಮ್ಮ ಅಮ್ಮಂದಿರೂ ಅದನ್ನೇ ಅಲ್ವಾ ಹೇಳೋದು, "ತುಂಬಾ ಯೋಚನೆ ಹಚ್ಕೊಂಡಿದಾಳೆ" ಅಂತ? ನಮ್ಮ ಪಾರ್ಕ್‌ನಲ್ಲಿ ಒಂದು ಬೆಂಚ್ ಹಾಗೆ ಇಡೋಣ. ವಾರಕ್ಕೆರಡು ಸಂಜೆ ಸಿಸ್ಟರ್ ಕೂರಲಿ, ಜೊತೆಗೆ ತರಬೇತಿ ತಗೊಂಡ ಇಬ್ಬರು.

ಮನೆ 12 · 9:14
ನಾನು ಕೂರ್ತೀನಿ. ಇವತ್ತಿಂದಲೇ.

ಮನೆ 29 · 9:20
ಯಾವ ಬೆಂಚ್ ಮೇಷ್ಟ್ರೇ? ಪಾರ್ಕ್‌ನಲ್ಲಿರೋ ಮೂರರಲ್ಲಿ ಎರಡು ಮುರಿದಿದೆ. ಇನ್ನೊಂದರ ಹತ್ರ ದೀಪ ಇಲ್ಲ, ಆರೂವರೆ ಮೇಲೆ ಹೆಂಗಸರು ಹೇಗೆ ಬರ್ತಾರೆ?

ಮನೆ 22 · 9:22
ದೀಪದ ದೂರು ಕೊಟ್ಟು ಎಂಟು ತಿಂಗಳಾಯ್ತು.

ಮನೆ 41 · 9:23
ಅದನ್ನೇ ನಾನು ಹೇಳ್ತಿರೋದು. ಮೂಲಸೌಕರ್ಯ ಇಲ್ಲದೆ ಯಾವ ಯೋಜನೆನೂ ನಡೆಯಲ್ಲ. ಮೊದಲು ದೀಪ, ಮೊದಲು ರಸ್ತೆ. ಅರ್ಜಿ ನಾನು ಬರೀತೀನಿ, ಎಲ್ಲರೂ ಸಹಿ ಹಾಕಿ.

(ಭಾನುವಾರ)

ಕಾರ್ಯದರ್ಶಿ · ರಾತ್ರಿ 8:30
ಇಂದಿನ ಸಭೆಗೆ 23 ಮನೆಯವರು ಬಂದಿದ್ರಿ, ಧನ್ಯವಾದ. ತೀರ್ಮಾನ: ಬುಧವಾರದಿಂದ ರಸ್ತೆಯ ಎಡಗಡೆ ಮಾತ್ರ ಪಾರ್ಕಿಂಗ್. ಪಾರ್ಕ್ ದೀಪಕ್ಕೆ ಅರ್ಜಿ, 41ನೇ ಮನೆ ಸರ್ ಮುಂದಾಳತ್ವ. ಹೊತ್ತು ಮೀರಿದ್ದರಿಂದ ಅಕ್ಟೋಬರ್ 10ರ ಕಾರ್ಯಕ್ರಮದ ವಿಷಯ ಮುಂದಿನ ಸಭೆಗೆ.

ಮನೆ 35 · 8:34
ಮುಂದಿನ ಸಭೆ ಯಾವಾಗ?

ಮನೆ 44 · 8:36
ಎಡಗಡೆ ಅಂದ್ರೆ ಹೋಗುವಾಗ ಎಡಗಡೆನೋ ಬರುವಾಗ ಎಡಗಡೆನೋ?

ಮನೆ 22 · 8:37
ಅದೇ ಸ್ಪಷ್ಟ ಆಗ್ಬೇಕು.

ಮನೆ 41 · 8:40
ಪಾರ್ಕ್ ಕಡೆ ಮುಖ ಮಾಡಿ ನಿಂತಾಗ ಎಡಗಡೆ. ನಕ್ಷೆ ಬರೆದು ಹಾಕ್ತೀನಿ.

ಮನೆ 12 · 8:52
ಇವತ್ತು ಸಂಜೆ ಸಭೆ ಮುಗಿದ ಮೇಲೆ ಆ ಸರಿ ಇರೋ ಬೆಂಚ್ ಮೇಲೆ ಒಂದು ಗಂಟೆ ಕೂತಿದ್ದೆ. ಗುರುವಾರವೂ ಕೂರ್ತೀನಿ, ಐದರಿಂದ ಆರು, ಬೆಳಕಿರೋವರೆಗೆ.

ಮನೆ 33 · ರಾತ್ರಿ 11:48
ಸಿಸ್ಟರ್, ಅವತ್ತು ಒಂದು ನಂಬರ್ ಹಾಕಿದ್ರಲ್ಲ. ಮೇಲೆ ಹೋಗಿ ಹುಡುಕಿದೆ, ಪಾರ್ಕಿಂಗ್ ಮೆಸೇಜ್‌ಗಳ ಮಧ್ಯ ಸಿಗ್ತಿಲ್ಲ. ನನ್ನ ಗೆಳತಿಗೆ ಬೇಕಿತ್ತು.

ಮನೆ 18 · 11:49
14416. ಈ ಹೊತ್ತಲ್ಲೂ ಎತ್ತುತ್ತಾರೆ. ಗೆಳತಿಗೆ ಹೇಳಿ, ಮೊದಲ ಮಾತು ಹೊರಡೋದು ಕಷ್ಟ ಆದ್ರೆ "ನಿದ್ದೆ ಬರ್ತಿಲ್ಲ" ಅಂತ ಶುರು ಮಾಡಿದ್ರೂ ಸಾಕು. ನಾನೂ ಎದ್ದೇ ಇದೀನಿ, ನಮ್ಮ ಗೇಟಿಗೆ ಬೀಗ ಹಾಕಿಲ್ಲ.