ತೂಕದ ಚೀಟಿ ಮಾತ್ರ ಮುದ್ರಿಸಬೇಕು, ಮೆನು ಬೇಡ: ಅನುಭವ ಇದ್ದವರು ತಿಳಿಸಿ

ಮೂಡಿಗೆರೆಯಿಂದ, ಪ್ರಶ್ನೆ

ಇಲ್ಲಿನ ಕಾಫಿ ಖರೀದಿ ಅಂಗಡಿಯೊಂದಕ್ಕೆ ಬ್ರೌಸರ್‌ನಲ್ಲೇ ನಡೆಯುವ ಲೆಕ್ಕದ ತಂತ್ರಾಂಶ ಬರೆದುಕೊಟ್ಟಿದ್ದೇನೆ. ಎಡಕ್ಕೆ ಮೆನು, ಮೇಲೆ ಹುಡುಕುವ ಪಟ್ಟಿ, ನಡುವೆ ಬೆಳೆಗಾರರ ಚೀಟಿ: ಚೀಲ, ತೂಕ, ತೇವಾಂಶ, ಔಟ್‌ಟರ್ನ್ (ಸಂಸ್ಕರಿಸಿದ ಮೇಲೆ ಸಿಗುವ ಬೀಜದ ಪ್ರಮಾಣ), ದರ. ಪ್ರಿಂಟ್ ಕೊಟ್ಟರೆ ಮೆನು, ಬಟನ್ ಸಮೇತ ಎಲ್ಲವೂ ಕಾಗದಕ್ಕೆ ಬರುತ್ತವೆ. ಚೀಟಿ ಉದ್ದವಾದರೆ ಅರ್ಧಕ್ಕೇ ತುಂಡಾಗುತ್ತದೆ. ರೊಬಸ್ಟಾ ಕೊಯ್ಲು ಶುರುವಾಗುವ ಮೊದಲು ಇದು ಸರಿಹೋಗಬೇಕು.

ಹಾಸನದಿಂದ

ಮುದ್ರಣಕ್ಕೆಂದು ಬೇರೆ ಪುಟ ಬರೆಯಲು ಹೋಗಬೇಡಿ ಸರ್. ಕಾಗದಕ್ಕೇ ಪ್ರತ್ಯೇಕ ನಿಯಮ ಬರೆಯುವ ಸೌಲಭ್ಯ, ಪುಟದ ರೂಪ ಹೇಗಿರಬೇಕೆಂದು ಹೇಳುವ ಸಿಎಸ್‌ಎಸ್ ಭಾಷೆಯಲ್ಲಿ 1998ರ ಎರಡನೇ ಆವೃತ್ತಿಯಿಂದಲೂ ಇದೆ. ‘ಮೀಡಿಯಾ ಪ್ರಿಂಟ್’ ನಿಯಮದೊಳಗೆ ಮೆನುವಿಗೂ ಬಟನ್‌ಗಳಿಗೂ ‘ಡಿಸ್‌ಪ್ಲೇ ನನ್’ ಕೊಟ್ಟರೆ ಚೀಟಿಯಷ್ಟೇ ಉಳಿಯುತ್ತದೆ. ಎಲ್ಲವನ್ನೂ ‘ವಿಸಿಬಿಲಿಟಿ ಹಿಡನ್’ ಮಾಡಿ ಚೀಟಿಯನ್ನು ಮಾತ್ರ ತೋರಿಸುವ ದಾರಿಯೂ ಇದೆ. ಆದರೆ ಹಾಗೆ ಮರೆಯಾದವು ಜಾಗ ಬಿಟ್ಟುಕೊಡುವುದಿಲ್ಲ. ಚೀಟಿಯ ಹಿಂದೆಯೇ ಖಾಲಿ ಹಾಳೆಗಳು ಹೊರಬರುತ್ತವೆ.

ತುಂಡಾಗುವುದಕ್ಕೆ ಕಾರಣ ಬೇರೆ. ಚೀಟಿಯ ಚೌಕಕ್ಕೆ ಪರದೆಯಷ್ಟೇ ಎತ್ತರ ಕೊಟ್ಟು, ಒಳಗೇ ಸ್ಕ್ರಾಲ್ ಆಗುವಂತೆ ಮಾಡಿರುತ್ತೀರಿ. ಕಾಗದದ ಮೇಲೆ ಸ್ಕ್ರಾಲ್ ಮಾಡುವವರು ಯಾರು! ಮುದ್ರಣದ ನಿಯಮದಲ್ಲಿ ಎತ್ತರವನ್ನು ‘ಆಟೋ’, ಓವರ್‌ಫ್ಲೋವನ್ನು (ಚೌಕ ಮೀರಿದ ಭಾಗ ಏನಾಗಬೇಕೆಂಬ ನಿಯಮ) ‘ವಿಸಿಬಲ್’ ಮಾಡಿ. ಆ ಒಂದು ಚೌಕಕ್ಕೆ ಮಾಡಿದರೆ ಸಾಲದು, ಅದನ್ನು ಸುತ್ತುವರಿದ ಪ್ರತಿಯೊಂದಕ್ಕೂ, ಪುಟದಲ್ಲಿ ಕಾಣುವುದನ್ನೆಲ್ಲ ಹೊತ್ತ ಬಾಡಿಯವರೆಗೆ, ಮಾಡಬೇಕು. ನಡುವೆ ಒಂದನ್ನು ಬಿಟ್ಟರೂ ಚೀಟಿ ಅಲ್ಲೇ ಕಡಿದುಹೋಗುತ್ತದೆ.

ಪರೀಕ್ಷಿಸಲು ಕಾಗದ ಹಾಳುಮಾಡಬೇಡಿ. ಕ್ರೋಮ್‌ನ ಡೆವಲಪರ್ ಪರಿಕರಗಳಲ್ಲಿ ‘ರೆಂಡರಿಂಗ್’ ವಿಭಾಗಕ್ಕೆ ಹೋಗಿ ಮುದ್ರಣದ ರೂಪವನ್ನು ಪರದೆಯಲ್ಲೇ ನೋಡಬಹುದು.

ಸಕಲೇಶಪುರದಿಂದ

ಹಾಸನದವರ ಮಾತು ಸರಿ. ಆದರೆ ಚೀಟಿ ಹತ್ತಾರು ಪದರಗಳ ಒಳಗೆ ಹೂತಿದ್ದರೆ ನಾನು ಕಣ್ಣಿಗೆ ಕಾಣದ ಐಫ್ರೇಮ್‌ಗೆ (ಪುಟದೊಳಗಿನ ಇನ್ನೊಂದು ಪುಟ) ಚೀಟಿಯ ನಕಲು ಹಾಕಿ, ಅದನ್ನಷ್ಟೇ ಮುದ್ರಿಸುತ್ತೇನೆ. ಮುಖ್ಯ ಪುಟದ ಶೈಲಿ ಅಲ್ಲಿಗೆ ತಾನಾಗಿ ಬರುವುದಿಲ್ಲ, ಸೇರಿಸಬೇಕು. ಕನ್ನಡದ ವೆಬ್ ಫಾಂಟ್ ಪೂರ್ತಿ ಇಳಿಯುವವರೆಗೂ ಕಾಯಬೇಕು. ‘ಡಾಕ್ಯುಮೆಂಟ್ ಫಾಂಟ್ಸ್ ರೆಡಿ’ ಇರುವುದೇ ಅದಕ್ಕೆ. ಇನ್ನೊಂದು ಮೋಸ: ಖಾನೆಯಲ್ಲಿ ಆಗಷ್ಟೇ ಟೈಪ್ ಮಾಡಿದ ಅಂಕಿ ‘ಇನ್ನರ್ ಎಚ್‌ಟಿಎಂಎಲ್’ (ಚೀಟಿಯ ಒಳಗಿನ ಕೋಡ್) ಮೂಲಕ ತೆಗೆದ ನಕಲಿನಲ್ಲಿ ಇರುವುದಿಲ್ಲ. ತೂಕದ ಜಾಗ ಖಾಲಿ ಇರುವ ಚೀಟಿಯನ್ನು ಯಾವ ಬೆಳೆಗಾರರೂ ಒಪ್ಪುವುದಿಲ್ಲ.

ಬಾಡಿಯನ್ನೇ ತೆಗೆದು ಚೀಟಿ ಕೂರಿಸಿ, ಮುದ್ರಿಸಿ, ಹಳೆಯದನ್ನು ಮರಳಿ ತುಂಬುವ ಉಪಾಯವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಕಿವಿಗೆ ಹಾಕಿಕೊಳ್ಳಬೇಡಿ. ಪುಟ ನೋಡಲು ಹಾಗೆಯೇ ಇರುತ್ತದೆ, ಆದರೆ ಬಟನ್‌ಗಳಿಗೆ ಕಟ್ಟಿದ ಕ್ರಿಯೆಗಳು ಕಳಚಿರುತ್ತವೆ.

ಚಿಕ್ಕಮಗಳೂರಿನಿಂದ

ನಾನು ಕೋಡ್ ಬರೆಯುವವಳಲ್ಲ, ಗಲ್ಲಾದಲ್ಲಿ ಕೂರುವವಳು. ನಿಮ್ಮ ಕೆಲಸ ಮುಗಿಯುವವರೆಗೆ ಅಂಗಡಿಯವರಿಗೆ ಇದನ್ನು ಹೇಳಿಕೊಡಿ: ಬೇಕಾದ ಭಾಗವನ್ನು ಮೌಸ್‌ನಿಂದ ಆಯ್ದು ಪ್ರಿಂಟ್ ಕೊಟ್ಟರೆ, ಕ್ರೋಮ್‌ನ ಹೆಚ್ಚಿನ ಆಯ್ಕೆಗಳಲ್ಲಿ ‘ಸೆಲೆಕ್ಷನ್ ಓನ್ಲಿ’ ಸಿಗುತ್ತದೆ. ‘ಹೆಡರ್ಸ್ ಅಂಡ್ ಫೂಟರ್ಸ್’ ಗುರುತು ತೆಗೆದರೆ ಅಂಚಿನ ದಿನಾಂಕ, ವೆಬ್ ವಿಳಾಸ ಹೋಗುತ್ತವೆ. ಎದುರಿಗೆ ಸರತಿ ನಿಂತಿರುವಾಗ ಮಾತ್ರ ಇದು ಆಗದ ಕೆಲಸ. ದಯವಿಟ್ಟು ಚೀಟಿಯ ಪಕ್ಕದಲ್ಲೇ ದೊಡ್ಡದೊಂದು ಬಟನ್ ಇಡಿ.

ಮೂಡಿಗೆರೆಯಿಂದ

ಎಲ್ಲರಿಗೂ ಧನ್ಯವಾದ. ಹೊರಗಿನ ಚೌಕವೊಂದರಲ್ಲಿ ‘ಓವರ್‌ಫ್ಲೋ ಹಿಡನ್’ ಅಡಗಿತ್ತು. ತೆಗೆದ ಮೇಲೆ ಚೀಟಿ ಪೂರ್ತಿ ಬರುತ್ತಿದೆ. ಬಟನ್ ಇಡುತ್ತೇನೆ ಮೇಡಂ. ಈಗ ಉಳಿದಿರುವುದು ಎರಡು: ಸಾಲುಗಳ ಹಿನ್ನೆಲೆ ಬಣ್ಣ ಮುದ್ರಣವಾಗುತ್ತಿಲ್ಲ, ಮತ್ತು ಅಂಗಡಿಯವರು 80 ಮಿಲಿಮೀಟರ್ ಸುರುಳಿಯ ಥರ್ಮಲ್ ಪ್ರಿಂಟರ್ ತರುವ ಮಾತಾಡುತ್ತಿದ್ದಾರೆ.

ಹಾಸನದಿಂದ

ಶಾಯಿ ಉಳಿಸಲೆಂದು ಬ್ರೌಸರ್ ಹಿನ್ನೆಲೆಯನ್ನು ಬಿಡುತ್ತದೆ. ‘ಪ್ರಿಂಟ್ ಕಲರ್ ಅಡ್ಜಸ್ಟ್’ಗೆ ‘ಎಕ್ಸಾಕ್ಟ್’ ಕೊಡಿ. ಆದರೂ ನನ್ನ ಮಾತು ಕೇಳುವುದಾದರೆ ಬಣ್ಣ ಬಿಟ್ಟು ತೆಳು ಗೆರೆ ಹಾಕಿ. ಥರ್ಮಲ್ ಕಾಗದದಲ್ಲಿ ಬೂದು ಬಣ್ಣ ಕಲೆಯಂತೆ ಕಾಣುತ್ತದೆ. ಅಗಲವನ್ನು ‘ಪೇಜ್’ ನಿಯಮದಲ್ಲೂ ಪ್ರಿಂಟರ್ ಡ್ರೈವರ್‌ನಲ್ಲೂ ಒಂದೇ ಅಳತೆಗೆ ಇಡಿ, ಅಂಚನ್ನು ಸೊನ್ನೆ ಮಾಡಿ. ಪ್ರತಿ ಚೀಟಿಗೂ ಪ್ರಿಂಟ್ ಕಿಟಕಿ ತೆರೆಯುವುದು ಬೇಡವೆಂದರೆ ಕ್ರೋಮ್ ಅನ್ನು ‘ಕಿಯಾಸ್ಕ್ ಪ್ರಿಂಟಿಂಗ್’ ಆಯ್ಕೆಯೊಂದಿಗೆ ಪ್ರಾರಂಭಿಸಿ; ಬಟನ್ ಒತ್ತಿದ ಕೂಡಲೇ ಡೀಫಾಲ್ಟ್ ಪ್ರಿಂಟರ್‌ಗೆ ಹೋಗುತ್ತದೆ. ಮೊದಲೇ ತೆರೆದಿರುವ ಕ್ರೋಮ್ ಕಿಟಕಿಗಳನ್ನೆಲ್ಲ ಮುಚ್ಚಿರಬೇಕು, ಇಲ್ಲವಾದರೆ ಆ ಆಯ್ಕೆ ಲೆಕ್ಕಕ್ಕೇ ಬರುವುದಿಲ್ಲ.